ಅಕ್ಕನ ಬೆರಳು, ನಾಯಕರ ಮಣಿಕಟ್ಟು

ನಾಯಕರು ಬೆಳಗಿನ ನಾಲ್ಕೂ ಮುಕ್ಕಾಲಿಗೆ ಏಳುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ಅವರು ನಾಲ್ಕು ಐವತ್ತಕ್ಕೆ ಎದ್ದದ್ದಿಲ್ಲ. ಅವರಿಗೆ ನೆಗಡಿಯಾಗಿಲ್ಲ, ಚಪ್ಪಲಿಯ ಒಂದು ಕಾಲು ಮಂಚದ ಕೆಳಗೆ ಸೇರಿಕೊಂಡಿಲ್ಲ, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿಲ್ಲ. ಎದ್ದವರು ಒಂದು ಲೋಟ ಬೆಚ್ಚಗಿನ ನೀರು ಸೇವಿಸುತ್ತಾರೆ, ನಲವತ್ತು ನಿಮಿಷ ಹೆಜ್ಜೆ ಹಾಕುತ್ತಾರೆ, ಕಡತಗಳ ಮೇಲೆ ಕಣ್ಣು ಹಾಯಿಸುತ್ತಾರೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಪತ್ರಿಕೆಯ ಮುಖಪುಟದ ಎಡಮೂಲೆಯ ಚೌಕದಲ್ಲಿ, ‘ನಾಯಕರ ದಿನ’ ಎಂಬ ತಲೆಬರಹದ ಕೆಳಗೆ, ಇದು ಪ್ರತಿದಿನ ಅಚ್ಚಾಗುತ್ತದೆ.

ಅದನ್ನು ಬರೆಯುವವನು ಏಳುವುದು ಏಳೂವರೆಗೆ. ಅದೂ ಹೆಂಡತಿ ಹೊದಿಕೆ ಎಳೆದ ಮೇಲೆ.

ಪತ್ರಿಕಾ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಗಡಿಯಾರ’ ಎನ್ನುತ್ತಾರೆ. ಮೆಟ್ಟಿಲ ಕೆಳಗಿನ ಮೇಜು ಅವನದು; ಮೇಲೆ ಯಾರಾದರೂ ಓಡಾಡಿದರೆ ಅವನ ಟೀ ಲೋಟದಲ್ಲಿ ಸುಣ್ಣದ ಪುಡಿ ಉದುರುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ನಾಯಕರ ಕಚೇರಿಯಿಂದ ಒಂದು ಹಾಳೆ ಬರುತ್ತದೆ. ಅದರಲ್ಲಿ ಮರುದಿನದ ನಾಯಕರು ಗಂಟೆ ನಿಮಿಷಗಳ ಸಮೇತ ಇರುತ್ತಾರೆ. ಆ ಮೂಳೆಗೆ ಮಾಂಸ ತುಂಬಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಸಂಜೆ ಆರರೊಳಗೆ ಮುದ್ರಣಕ್ಕೆ ಕಳಿಸಿದರೆ ಗಡಿಯಾರನ ದಿನ ಮುಗಿಯಿತು. ಹೀಗಾಗಿ ನಾಯಕರು ನಾಳೆ ಮಾಡಲಿರುವುದನ್ನು ಅವನು ಇಂದೇ ‘ಮಾಡಿದರು’ ಎಂದು ಬರೆದಿಡುತ್ತಿದ್ದ. ಲೋಕದ ಉಳಿದ ವರದಿಗಾರರೆಲ್ಲ ಘಟನೆಯ ಹಿಂದೆ ಏದುಸಿರು ಬಿಡುತ್ತ ಓಡುವವರು. ಘಟನೆಯೇ ಹಿಂದಿನಿಂದ ಓಡಿಬರುವಂತೆ ಮಾಡಿದ ಧೀರ ಇವನೊಬ್ಬನೇ.

ಅವನ ಡ್ರಾಯರಿನಲ್ಲಿ ಕ್ರಿಯಾಪದಗಳ ಒಂದು ಪಟ್ಟಿ ಇತ್ತು. ನಾಯಕರು ತಿನ್ನುವುದಿಲ್ಲ, ಸೇವಿಸುತ್ತಾರೆ. ಕೇಳುವುದಿಲ್ಲ, ಆಲಿಸುತ್ತಾರೆ. ನಗುವುದಿಲ್ಲ, ಮಂದಹಾಸ ಬೀರುತ್ತಾರೆ. ಸ್ನಾನದ ವಿಷಯಕ್ಕೆ ಯಾವ ಪದವೂ ತಕ್ಕುದಾಗಿ ಕಾಣದೆ, ಹತ್ತೊಂಬತ್ತು ವರ್ಷಗಳಿಂದ ನಾಯಕರು ಸ್ನಾನವನ್ನೇ ಮಾಡಿರಲಿಲ್ಲ. ಯಾರೂ ಗಮನಿಸಿರಲಿಲ್ಲ.

ನಾಯಕರನ್ನು ಗಡಿಯಾರ ಕಣ್ಣಾರೆ ಕಂಡದ್ದು ಒಂದೇ ಸಲ, ಒಬ್ಬ ದಪ್ಪ ಪೊಲೀಸಿನವನ ಭುಜದಾಚೆ. ಕಂಡದ್ದು ಒಂದು ಕಿವಿ. ಕಿವಿ ಚೆನ್ನಾಗಿತ್ತು.

ಬರೆಯುವಾಗ ಅವನಿಗೆ ಏನನ್ನಿಸುತ್ತಿತ್ತು ಎಂದು ಕೇಳಿದರೆ, ಏನೂ ಅನ್ನಿಸುತ್ತಿರಲಿಲ್ಲ. ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ. ಮೊದಮೊದಲು ನಾಚಿಕೆ ಇದ್ದಿತ್ತಂತೆ. ಹೊಸ ಚಪ್ಪಲಿ ಕಚ್ಚುವ ಹಾಗೆ ಕೆಲವು ದಿನ ಕಚ್ಚಿ ಆಮೇಲೆ ಜಡ್ಡುಗಟ್ಟಿತು. ಈಗ ಮನೆಯಲ್ಲಿ ಹೆಂಡತಿ “ಸಾರಿಗೆ ಉಪ್ಪು ಸರಿಯಾಗಿದೆಯಾ?” ಎಂದರೂ ಒಂದು ಗಳಿಗೆ ಯೋಚಿಸಿ “ಇರಬಹುದು” ಎನ್ನುತ್ತಿದ್ದ. ಹೆಂಡತಿ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ದಿನಕ್ಕೆ ಸಾವಿರ ಜನಕ್ಕೆ ಉತ್ತರ ಕೊಡುವ ಅವಳಿಗೆ ಮನೆಯಲ್ಲಿ ಒಬ್ಬನಿಂದ ಉತ್ತರ ಹುಟ್ಟುತ್ತಿರಲಿಲ್ಲ.

ಆ ಮನೆಯ ಮುಂದಿನ ಕೋಣೆ ಅಕ್ಕನದು. ಗಡಿಯಾರನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಹೋದಮೇಲೆ ಅವನನ್ನು ಸಾಕಿದವಳು. ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಗೆ ಅಳತೆಯ ಟೇಪು, ಮೇಜಿನ ಮೇಲೆ ಮೊಳಕೈಯುದ್ದದ ಕತ್ತರಿ. ಗಂಡಸರ ಅಂಗಿಯಲ್ಲಿ ಅವಳ ಕೈ ಆ ಬೀದಿಗೇ ಹೆಸರುವಾಸಿ. ನಾಯಕರು ಇನ್ನೂ ಇಷ್ಟು ದೊಡ್ಡ ನಾಯಕರಾಗುವ ಮೊದಲು ಒಮ್ಮೆ ಮತ ಕೇಳುತ್ತ ಆ ಬೀದಿಗೆ ಬಂದಿದ್ದರು. ಅವರ ತೋಳಿನ ಗುಂಡಿಯೊಂದು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅಕ್ಕ ಅವರನ್ನು ಹೊಸಿಲ ಮೇಲೇ ನಿಲ್ಲಿಸಿ, ಅಂಗಿ ಬಿಚ್ಚಿಸದೆ, ಉಸಿರು ಎಳೆದು ಬಿಡುವಷ್ಟರಲ್ಲಿ ಗುಂಡಿ ಹಚ್ಚಿ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. “ಗಟ್ಟಿ ಕೈ ಅಮ್ಮಾ ನಿಮ್ದು” ಎಂದರು ಅವರು. ಅಷ್ಟೇ. ಅಂದಿನಿಂದ ಅಕ್ಕ ಅವರ ಪಕ್ಷ.

ಅವಳು ನಾಲ್ಕೂ ಮುಕ್ಕಾಲಿಗೆ ಏಳುತ್ತಿದ್ದಳು. ಬೆಚ್ಚಗಿನ ನೀರು ಕುಡಿಯುತ್ತಿದ್ದಳು. ನಲವತ್ತು ನಿಮಿಷ ಮಹಡಿಯ ಮೇಲೆ ನಡೆಯುತ್ತಿದ್ದಳು. ಅಂಗಿಯ ಮಾದರಿ ಕತ್ತರಿಸಲು ದರ್ಜಿಗಳಿಗೆ ಹಳೆಯ ಪತ್ರಿಕೆಯೇ ಬೇಕು. ಅಕ್ಕ ಮೂರನೆಯ ಪುಟದಿಂದ ಹಿಂದಕ್ಕೆ ಎಲ್ಲವನ್ನೂ ಕತ್ತರಿಸುತ್ತಿದ್ದಳು, ಮುಖಪುಟ ಮಾತ್ರ ಮುಟ್ಟುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಮುಖಪುಟಗಳು ಅಟ್ಟದ ಮೇಲೆ ಕಟ್ಟುಕಟ್ಟಾಗಿ ಕೂತಿದ್ದವು. ಚೌಕ ಬರೆಯುವವನು ತನ್ನ ತಮ್ಮನೇ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅಂಚೆಯವನನ್ನು ಯಾರೂ ಕಾಗದ ಬರೆದವನೆಂದು ತಿಳಿಯುವುದಿಲ್ಲವಲ್ಲ. ತಮ್ಮ ಎಂದರೆ ಅವಳ ಪಾಲಿಗೆ ಇನ್ನೂ ಚಡ್ಡಿಯ ಲಾಡಿ ಕಟ್ಟಿಕೊಳ್ಳಲು ಬಾರದವನು.

ಅಂಥ ಅಕ್ಕ ಒಂದು ಬೆಳಗ್ಗೆ ಔಷಧಿ ಅಂಗಡಿಯವರ ಬಿಳಿ ಅಂಗಿಯ ಕಾಲರಿನ ಮೇಲೆ ಸಾಲಾಗಿ ಕೆಂಪು ಚುಕ್ಕಿಗಳನ್ನು ಕಂಡಳು. ಯಾರು ಹಾಳುಮಾಡಿದರೆಂದು ಹತ್ತು ನಿಮಿಷ ಬೈದಳು. ಬೈಯುತ್ತಲೇ ಕೈ ನೋಡಿಕೊಂಡಳು. ಸೂಜಿ ಅವಳ ತೋರುಬೆರಳಿನ ಮೇಲೆ ಮೂರು ಸಲ ಹಾದುಹೋಗಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿದ್ದವು. ಆ ವಾರದಲ್ಲಿ ಕತ್ತರಿ ಎರಡು ಸಲ ಕೈಜಾರಿ ಬಿತ್ತು. ಒಮ್ಮೆ ಅವಳ ಪಾದದಿಂದ ಒಂದು ಗೇಣು ಆಚೆಗೆ. ಹೆಂಡತಿ ಮತ್ತು ಗಡಿಯಾರ ಸೇರಿ ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ಗಿಡ್ಡನೆಯ, ಚುರುಕು ನಾಲಿಗೆಯ ಹೆಂಗಸು.

“ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆ. ಸೊಂಟದ ಪಟ್ಟಿ ಬಿಗಿಯಾದ ಪ್ಯಾಂಟು ನೋಡಿದೀರಲ್ಲ, ಹಾಗೆ. ಮೊದಲು ಆರು ವಾರ ಈ ಪಟ್ಟಿ ಕಟ್ಕೊಳ್ಳಿ, ಬೆರಳಿಗೆ ವ್ಯಾಯಾಮ ಮಾಡಿ. ಆಗಲಿಲ್ಲ ಅಂದ್ರೆ ಸಣ್ಣ ಆಪರೇಷನ್, ಅರ್ಧ ಗಂಟೆ. ಬಿಗಿಯಾದದ್ದನ್ನ ಬಿಚ್ಚಿ ಸಡಿಲ ಮಾಡೋದು. ನೀವು ದಿನಾ ಮಾಡೋ ಕೆಲಸಾನೇ.”

“ಮಾಡದೇ ಇದ್ರೆ?” ಎಂದ ಗಡಿಯಾರ.

“ಹೆಬ್ಬೆರಳ ಬುಡದ ಮಾಂಸ ಇಳಿಯುತ್ತೆ. ಹಿಡಿತ ಹೋಗುತ್ತೆ. ಹೋದ ಹಿಡಿತ ವಾಪಸ್ ಬರಲ್ಲ.”

ಅಕ್ಕ ಮನೆಗೆ ಬಂದವಳೇ ಮಣಿಕಟ್ಟಿನ ಪಟ್ಟಿಯನ್ನು ಗುಂಡಿಗಳ ಡಬ್ಬಿಯ ಹಿಂದೆ ತುರುಕಿದಳು.

“ಅಕ್ಕಾ, ಪಟ್ಟಿ ಕಟ್ಕೋ” ಎಂದ ಗಡಿಯಾರ.

“ನೀನು ಮೊದಲು ಕಾಲರ್ ಸರಿಮಾಡ್ಕೋ. ಒಂದು ಕಡೆ ಆಕಾಶ ನೋಡ್ತಿದೆ.”

ಮೂರು ಸಲ ಹೇಳಿದ. ಮೂರು ಸಲವೂ ಅವನ ಉಡುಪಿನಲ್ಲಿ ಒಂದೊಂದು ದೋಷ ಸಿಕ್ಕಿತು. ಅಡಿಗೆಮನೆಯಲ್ಲಿ ಹೆಂಡತಿ ಪಾತ್ರೆ ಕುಕ್ಕುತ್ತ ಅಂದಳು: “ನೀವು ಹೇಳಿದ್ರೆ ಕೇಳಲ್ಲ, ನಾನು ಹೇಳಿದ್ರೆ ಅತ್ತಿಗೆ ಮುಖ ಊದಿಸ್ಕೋತಾರೆ. ನಿಮ್ಮ ನಾಯಕರ ಕೈಲಿ ಹೇಳಿಸಿ, ಓಡೋಡಿ ಕಟ್ಕೋತಾರೆ.”

ಹೆಂಡತಿ ಚುಚ್ಚಲೆಂದೇ ಆಡಿದ ಮಾತು. ಚುಚ್ಚಿದ್ದು ಗೊತ್ತಾಗುವ ಮನುಷ್ಯ ಅವನಲ್ಲ. ಆದರೆ ಮಾತು ನೆನಪಿನಲ್ಲಿ ಉಳಿಯಿತು. ಮರುದಿನ ಹಾಳೆ ತೀರ ಬಡಕಲಾಗಿತ್ತು. ಏಳುವುದು, ನೀರು, ನಡಿಗೆ, ಕಡತ. ಅಲ್ಲಿಗೆ ನಾಯಕರು ಮುಗಿದರು. ಚೌಕದಲ್ಲಿ ಎರಡು ಬೆರಳಷ್ಟು ಜಾಗ ಖಾಲಿ ಉಳಿಯಿತು. ಗಡಿಯಾರ ಬರೆದ: ‘ಕಡತಗಳ ಪರಿಶೀಲನೆಯ ನಂತರ ನಾಯಕರು ಬಲಗೈಯ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಬೆರಳುಗಳನ್ನು ನಿಧಾನವಾಗಿ ಹತ್ತು ಸಲ ಚಾಚಿ ಮಡಚಿದರು. ದೀರ್ಘಕಾಲ ದುಡಿದ ಕೈಗೆ ಇದು ಅಗತ್ಯವೆಂಬುದು ಅವರ ಅಭಿಮತ.’

ಮರುದಿನ ಹೆಂಡತಿ ಹೊದಿಕೆ ಎಳೆಯುವ ಮೊದಲೇ ಮುಂದಿನ ಕೋಣೆಯಿಂದ ಎಣಿಕೆ ಕೇಳಿಸಿತು. “ಏಳು... ಎಂಟು...” ಅಕ್ಕ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಕಿಟಕಿಯ ಬಳಿ ನೆಟ್ಟಗೆ ಕೂತು, ಬೆರಳು ಚಾಚುತ್ತಿದ್ದಳು.

“ಡಾಕ್ಟರಮ್ಮ ಹೇಳಿದ್ದು ಇದನ್ನೇ ಅಲ್ವಾ?” ಎಂದಳು ಹೆಂಡತಿ.

“ಡಾಕ್ಟರಮ್ಮನಿಗೆ ಯಾರು ಹೇಳಿದ್ರೋ” ಎಂದಳು ಅಕ್ಕ.

ಹೆಂಡತಿ ಗಂಡನನ್ನು ನೋಡಿದಳು. ಗಂಡ ಕಾಲರು ಸರಿಮಾಡಿಕೊಂಡ.

ಅಕ್ಕನಿಗೆ ಬಿದ್ದ ಗಾಳ ಉಳಿದವರಿಗೂ ಬಿತ್ತು. ಹದಿನೈದು ದಿನದಲ್ಲಿ ಔಷಧಿ ಅಂಗಡಿಯಲ್ಲಿ ಮಣಿಕಟ್ಟಿನ ಪಟ್ಟಿ ಮುಗಿದುಹೋಯಿತು. ಮಂತ್ರಿಗಳು ಸಭೆಯ ನಡುವೆ ಬೆರಳು ಚಾಚಿದರು. ಶಾಲೆಗಳಲ್ಲಿ ಮೊದಲ ಪಿರಿಯಡ್ಡಿಗೆ ಮುನ್ನ ಸಾವಿರಾರು ಪುಟ್ಟ ಕೈಗಳು ಒಮ್ಮೆಗೇ ಅರಳಿ ಮುದುಡಿದವು. ಎದುರಾಳಿ ಪತ್ರಿಕೆಯೊಂದು ‘ಹತ್ತು ಸಲವೇ ಏಕೆ?’ ಎಂಬ ವಿಶೇಷ ಲೇಖನ ತಂದು, ಹನ್ನೊಂದು ಸಲ ಯಾಕಲ್ಲ ಎಂಬುದನ್ನು ಮೂವರು ತಜ್ಞರಿಂದ ವಿವರಿಸಿತು.

ಆಗ ಮೆಟ್ಟಿಲ ಕೆಳಗಿನ ಫೋನು ಬಡಿದುಕೊಂಡಿತು. ನಾಯಕರ ಕಚೇರಿಯಲ್ಲಿ ಹಾಳೆ ಕಳಿಸುವ ಗುಮಾಸ್ತರು. ಇಷ್ಟು ವರ್ಷಗಳಲ್ಲಿ ಗಡಿಯಾರ ಅವರ ಮುಖ ಕಂಡವನಲ್ಲ. ಕೆಮ್ಮು ಮಾತ್ರ ಚೆನ್ನಾಗಿ ಪರಿಚಯ.

“ನೋಡಿ, ಈ ಬೆರಳು ಚಾಚೋ ವಿಷಯ. ನಿಮಗೆ ಹೇಗೆ ಗೊತ್ತಾಯ್ತು ಅಂತ ಮೇಲಿನವರು ಕೇಳ್ತಿದಾರೆ.”

ಹೆದರಬೇಕು ಎಂಬುದು ಗಡಿಯಾರನಿಗೆ ಗೊತ್ತಿತ್ತು. ಹೆದರಿಕೆಗಾಗಿ ಕಾದ. ಬರಲಿಲ್ಲ.

“ನಾನೇ ಹಾಳೇಲಿ ಕಳಿಸಿದ್ದೆ ಅಂದುಬಿಟ್ಟಿದೀನಿ,” ಗುಮಾಸ್ತರು ಕೆಮ್ಮಿದರು. “ಮೇಲಿನವರು ಬೆನ್ನು ತಟ್ಟಿದ್ರು. ಇನ್ನೇನು ಹೇಳೋಕಾಗುತ್ತೆ ನಾನು.”

ಅಂದಿನಿಂದ ಹಾಳೆಯಲ್ಲಿ ಹೊಸ ಸಾಲೊಂದು ಬರತೊಡಗಿತು: ‘7.10, ಪಟ್ಟಿ, ಬೆರಳು, ಹತ್ತು ಸಲ.’ ಗಡಿಯಾರ ಹುಟ್ಟಿಸಿದ್ದು ಮೊಹರು ಹಾಕಿಸಿಕೊಂಡು ಅವನ ಮೇಜಿಗೇ ವಾಪಸು ಬಂದಿತ್ತು. ಅವನು ಅದಕ್ಕೂ ಅಂಗಿ ತೊಡಿಸಿ ಕಳಿಸಿದ.

ಆರು ವಾರ ಕಳೆಯಿತು. ಡಾಕ್ಟರು ಅಕ್ಕನ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಒಂದೊಂದಾಗಿ ಪಿನ್ನು ತಾಗಿಸಿ “ಯಾವ ಬೆರಳು?” ಎಂದು ಕೇಳಿದರು. ಅಕ್ಕ ಕಿರುಬೆರಳು ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಊಹಿಸಿದಳು. ಹೆಬ್ಬೆರಳ ಬುಡದಲ್ಲಿ ಆಗಲೇ ಸಣ್ಣ ಗುಳಿ ಬಿದ್ದಿತ್ತು.

“ಗುರುವಾರ ಬನ್ನಿ, ಆಪರೇಷನ್. ಇನ್ನು ಮುಂದಕ್ಕೆ ಹಾಕಿದ್ರೆ ನಾನು ಮಾಡಿದ್ರೂ ಪ್ರಯೋಜನ ಇಲ್ಲ.”

“ಆಗಲಿ” ಎಂದಳು ಅಕ್ಕ. ಮನೆಗೆ ಬಂದು “ಆಗಲ್ಲ” ಎಂದಳು.

“ಯಾಕೆ ಅತ್ತಿಗೆ?”

“ಅವರಿಗೂ ಇದೇ ತೊಂದ್ರೆ ಅಲ್ವಾ? ಪಟ್ಟಿ ಕಟ್ಕೊಂಡು, ಬೆರಳು ಚಾಚಿಕೊಂಡು ಇಡೀ ದೇಶ ನಡೆಸ್ತಿದಾರೆ. ನಾನು ಒಂದು ಮಷಿನ್ ನಡೆಸೋಕಾಗಲ್ವಾ? ಅವರೇನು ಕೈ ಕೊಯ್ಸಿಕೊಂಡ್ರಾ?”

ಗಡಿಯಾರ ಅಕ್ಕನ ಹೆಬ್ಬೆರಳ ಬುಡವನ್ನೇ ನೋಡುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು. ದಾರ ಸೂಜಿಯ ಕಣ್ಣಿನ ಪಕ್ಕದಲ್ಲೇ ಹೋಯಿತು. ಮತ್ತೆ ಹೋಯಿತು. ಚಿಕ್ಕವನಿದ್ದಾಗ ಅವನ ಅಂಗಿಯ ಗುಂಡಿಗಳನ್ನು ಕತ್ತಲಲ್ಲೂ ಹಾಕುತ್ತಿದ್ದ ಬೆರಳುಗಳು ಅವು. ಗುರುವಾರ ತಪ್ಪಿದರೆ ಅವು ಇನ್ನು ಬರಿಯ ಬೆರಳುಗಳು. ಅಕ್ಕನಿಗೆ ಬೆರಳುಗಳ ಹೊರತು ಬೇರೆ ಬದುಕಿಲ್ಲ. ಇದೆಲ್ಲವೂ ಅವನಿಗೆ ತಿಳಿಯಿತು. ಬೇರೆ ಊರಿನ ಹವಾಮಾನ ವರದಿ ಓದಿದ ಹಾಗೆ ತಿಳಿಯಿತು.

ಬುಧವಾರ ನಾಲ್ಕಕ್ಕೆ ಹಾಳೆ ಬಂತು. ಎಂದಿನಂತೆ ಏಳುವುದು, ನೀರು, ನಡಿಗೆ, ಬೆರಳು. ಗಡಿಯಾರ ಅದನ್ನು ಮಗುಚಿಟ್ಟ. ಹತ್ತೊಂಬತ್ತು ವರ್ಷ ಸೀನದಂತೆ ಕಾಪಾಡಿಕೊಂಡು ಬಂದ ಶರೀರವನ್ನು ಅಂದು ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಮಲಗಿಸಿ, ಒಂದು ಬಾಲ್‌ಪೆನ್ನಿನಿಂದ ಕೊಯ್ದ.

‘ನಾಯಕರು ಬೆಳಿಗ್ಗೆ ಬಲಗೈಯ ಮಣಿಕಟ್ಟಿಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅರ್ಧ ಗಂಟೆಯಲ್ಲಿ ಮುಗಿಯುವ ಈ ಚಿಕಿತ್ಸೆಯನ್ನು ಮುಂದೂಡುವುದು ದುಡಿಯುವ ಕೈಗೆ ಮಾಡುವ ಅನ್ಯಾಯವೆಂದು ಅವರು ವೈದ್ಯರಿಗೆ ತಾವೇ ತಿಳಿಹೇಳಿದರು.’

ಸಂಪಾದಕರು ಪುಟಕ್ಕೆ ಸಹಿ ಹಾಕುತ್ತ ಟೀ ಕುಡಿಯುತ್ತಿದ್ದರು.

“ಚೌಕ ಆಯ್ತಾ?”

“ಆಯ್ತು ಸರ್. ಸ್ವಲ್ಪ ಬದಲಾವಣೆ ಇದೆ, ನೋಡ್ತೀರಾ?”

“ಏನ್ ಬದಲಾವಣೆ? ಐದು ನಿಮಿಷ ಮೊದಲು ಎದ್ರಾ?” ಎಂದು ತಾವೇ ನಕ್ಕು ಸಹಿ ಹಾಕಿದರು. ಅವರು ಆ ಚೌಕವನ್ನು ಓದಿ ಎಷ್ಟೋ ವರ್ಷವಾಗಿತ್ತು. ತಿದ್ದುವವರೂ ಓದುತ್ತಿರಲಿಲ್ಲ. ಯಾವತ್ತೂ ತಪ್ಪಿಲ್ಲದ ಬರಹವನ್ನು ಓದುವುದು ಯಾವ ಪುರುಷಾರ್ಥಕ್ಕೆ?

ಗುರುವಾರ ಬೆಳಗ್ಗೆ ಅಕ್ಕ ಚೌಕವನ್ನು ಮೂರು ಸಲ ಓದಿದಳು. ಪತ್ರಿಕೆ ಮಡಚಿಟ್ಟಳು. “ಅರ್ಧ ಗಂಟೆಯಂತೆ” ಎಂದಳು. “ತೋಳು ಸಡಿಲ ಇರೋ ಕುಪ್ಪಸ ಹಾಕ್ಕೊಂಡು ಬನ್ನಿ ಅಂದಿದ್ರು ಡಾಕ್ಟರಮ್ಮ” ಎನ್ನುತ್ತ ತನ್ನ ತೋಳಿನ ಹೊಲಿಗೆಯನ್ನು ಎಡಗೈಯಿಂದ ತಾನೇ ಬಿಚ್ಚತೊಡಗಿದಳು.

ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಗಡಿಯಾರನ ಜೇಬಿನ ಮೊಬೈಲು ಗುಂಯ್‌ಗುಟ್ಟಿತು.

“ಇಲ್ಲಿ ಎಂಟು ಗಂಟೆಯಿಂದ ಹೂಗುಚ್ಛ ಬರ್ತಿವೆ,” ಎಂದರು ಗುಮಾಸ್ತರು. ಕೆಮ್ಮಲೂ ಮರೆತಿದ್ದರು. “ಮೂರು ದೇಶದಿಂದ ಸಂದೇಶ. ನಾಯಕರಿಗೆ ಆಪರೇಷನ್ ಆಗಿದೆಯಾ ಇಲ್ವಾ? ನನಗೆ ಗೊತ್ತಿಲ್ಲ. ಒಳಗೆ ಹೋಗಿ ಕೇಳೋ ಧೈರ್ಯ ಇಲ್ಲಿ ಯಾರಿಗೂ ಇಲ್ಲ.”

“ಆಗಿಲ್ಲ. ನಾನೇ ಬರೆದೆ” ಎಂದ ಗಡಿಯಾರ.

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

“ಈ ಮಾತನ್ನ ಇನ್ನೊಂದು ಸಲ ಆಡಬೇಡಿ. ಇವತ್ತಿಂದು ಸುಳ್ಳು ಅಂದ್ರೆ ಹತ್ತೊಂಬತ್ತು ವರ್ಷದ್ದೂ ತೆಗೆದು ನೋಡ್ತಾರೆ. ನಿಮಗೂ ಕಷ್ಟ, ನನಗೂ ಕಷ್ಟ, ಅವರಿಗಂತೂ... ಇರಲಿ. ಯಾವ ಕೈ ಅಂತ ಬರೆದಿದೀರಿ?”

“ಬಲಗೈ.”

“ಎಷ್ಟು ಹೊಲಿಗೆ?”

“ಬರೆದಿಲ್ಲ.”

“ಪುಣ್ಯಾತ್ಮ” ಎಂದು ಗುಮಾಸ್ತರು ಫೋನಿಟ್ಟರು.

ಮಧ್ಯಾಹ್ನ ವಾರ್ಡಿನ ಗೋಡೆಯ ಟೀವಿಯಲ್ಲಿ ನಾಯಕರು ಕಾಣಿಸಿಕೊಂಡರು. ಬಲಗೈಗೆ ಬೆಳ್ಳನೆ ಪಟ್ಟಿ. ಅದೇ ಕೈ ಎತ್ತಿ ಬೀಸಿದರು. ವಾರ್ಡಿನ ಹನ್ನೆರಡು ಮಂಚಗಳೂ ತಮ್ಮ ತಮ್ಮ ನೋವು ಮರೆತು ಅತ್ತ ತಿರುಗಿದವು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅವಳ ಕೈ ಮಣಿಕಟ್ಟಿನಿಂದ ಮೊಳಕೈವರೆಗೆ ದಪ್ಪ ಪಟ್ಟಿಯಲ್ಲಿ ಸೋರೆಕಾಯಿಯಾಗಿತ್ತು. ಬೆಳಗ್ಗೆ ಬಿಚ್ಚಿದ ತೋಳೂ ಸಾಲದೆ ನರ್ಸು ಅದನ್ನು ಭುಜದವರೆಗೆ ಕತ್ತರಿಸಿದ್ದಳು. ಅಕ್ಕ ನಾಯಕರ ಮುಖ ನೋಡಲಿಲ್ಲ. ಅಂಗಿ ನೋಡಿದಳು. ನಲವತ್ತು ವರ್ಷ ಅಂಗಿಯನ್ನೇ ಮೊದಲು ನೋಡಿದವಳು.

“ತೋಳಿನ ಗುಂಡಿ ಹಾಕಿದೆ” ಎಂದಳು.

ಗಡಿಯಾರನೂ ಟೀವಿಯ ಕಡೆ ತಿರುಗಿದ.

“ಗುಂಡಿ ಸರಿಸಿಲ್ಲ, ಹೊಲಿಗೆ ಬಿಟ್ಟಿಲ್ಲ. ಮಣಿಕಟ್ಟಿಗೆ ಅಳತೆ ತೆಗೆದ ಹಾಗೆ ಕೂತಿದೆ. ಪಟ್ಟಿ ಅಂಗೈಲೇ ಮುಗಿದಿದೆ, ತೋಳಿನೊಳಗೆ ಏನೂ ಇಲ್ಲ.” ತನ್ನ ಸೋರೆಕಾಯಿಯನ್ನು ನೋಡಿಕೊಂಡಳು. “ಇಷ್ಟು ದಪ್ಪ ಪಟ್ಟಿ ಆ ತೋಳಲ್ಲಿ ಹಿಡಿಯಲ್ಲ.”

ಟೀವಿಯಲ್ಲಿ ನಿರೂಪಕಿಯೊಬ್ಬಳು ನಾಯಕರ ಸಹನಶಕ್ತಿಯನ್ನು ವರ್ಣಿಸುತ್ತಿದ್ದಳು.

“ನೀನು ಬರೆದದ್ದಾ?”

“ಹೂಂ.”

“ಎಲ್ಲಿಂದ ಶುರು?”

“ಬೆರಳು ಚಾಚೋದರಿಂದ.”

“ಬೆಚ್ಚಗಿನ ನೀರು?”

“ಅದು ಹಾಳೇಲೇ ಇತ್ತು.”

“ನಡೆಯೋದು?”

“ಅದೂ ಹಾಳೇದು. ನಡೀತಾರೋ ಇಲ್ವೋ ನಾನು ನೋಡಿಲ್ಲ ಅಕ್ಕ.”

ಪಕ್ಕದ ಮಂಚದವರು ಟೀವಿ ಸದ್ದು ಏರಿಸಲು ಹೇಳಿದರು. “ಇದನ್ನ ನೀನೇ ಹೇಳಿದ್ದಿದ್ರೆ ಆಗ್ತಿರ್ಲಿಲ್ವಾ?” ಎಂದಳು ಅಕ್ಕ.

“ಹೇಳಿದ್ದೆ. ಮೂರು ಸಲ.”

“ಹೌದು,” ಎಂದಳು. “ಹೇಳಿದ್ದೆ. ನಾನು ಕಾಲರ್ ನೋಡ್ತಿದ್ದೆ.”

ಅವಳು ಅಳಲಿಲ್ಲ, ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಮೂರು ಮುಕ್ಕಾಲಾಗಿತ್ತು, ಗಡಿಯಾರ ಎದ್ದು ಕಚೇರಿಗೆ ಹೋದ.

ಹಾಳೆಯ ನಾಯಕರು ನಾಲ್ಕೇ ದಿನದಲ್ಲಿ ಪೂರ್ತಿ ಗುಣವಾದರು. ಅಕ್ಕನ ಹೊಲಿಗೆ ಬಿಚ್ಚಿದ್ದು ಹನ್ನೆರಡನೆಯ ದಿನ. ಅವಳು ಈಗ ಏಳೂವರೆಗೆ ಏಳುತ್ತಿದ್ದಳು. ಎದ್ದು ಸೀದಾ ಟೀ ಕುಡಿಯುತ್ತಿದ್ದಳು. ಬೆರಳು ಮಾತ್ರ ಹತ್ತು ಸಲ ಚಾಚುತ್ತಿದ್ದಳು, ಯಾಕೆಂದರೆ ಅದನ್ನು ಡಾಕ್ಟರು ಹೇಳಿದ್ದರು. ಪತ್ರಿಕೆ ಹೊಸಿಲ ಮೇಲೆ ಬಿದ್ದಲ್ಲೇ ಬಿದ್ದಿರುತ್ತಿತ್ತು.

ಆರನೆಯ ವಾರ ಡಾಕ್ಟರು ಮತ್ತೆ ಪಿನ್ನು ಹಿಡಿದರು. ಅಕ್ಕ ಕಣ್ಣು ಮುಚ್ಚಿ, “ತೋರುಬೆರಳು. ನಡುಬೆರಳು. ಅಯ್ಯೋ, ನಿಧಾನ ಕಣಮ್ಮಾ, ಹೆಬ್ಬೆರಳು” ಎಂದಳು. ಡಾಕ್ಟರು ನಕ್ಕರು. ಮನೆಗೆ ಬಂದ ಅಕ್ಕ ಪಿನ್ನಿನ ಡಬ್ಬಿ ತೆಗೆದು ತಮ್ಮನನ್ನು ಎದುರಿಗೆ ಕೂರಿಸಿದಳು.

“ಕಣ್ಮುಚ್ಚು. ಕೈ ಕೊಡು.”

ಚುಚ್ಚಿದಳು.

“ಯಾವ ಬೆರಳು?”

“ಉಂಗುರದ ಬೆರಳು.”

“ನೋವಾಯ್ತಾ?”

“ಆಯ್ತು.”

“ಮತ್ತೆ ಹೇಳಬಾರದಾ?”

ಗಡಿಯಾರ ಕಣ್ಣು ತೆರೆದು ಬೆರಳನ್ನು ನೋಡಿಕೊಂಡ. ಒಂದು ಕೆಂಪು ಹನಿ ಸಾವಕಾಶವಾಗಿ ಉಬ್ಬುತ್ತಿತ್ತು. “ಹಾಳೆ ಬರೋ ಹೊತ್ತಾಯ್ತು” ಎಂದ.

“ಹೋಗು” ಎಂದಳು ಅಕ್ಕ. “ಕಾಲರ್ ಸರಿಯಾಗೇ ಇದೆ.”

ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಹೆಂಡತಿಗೆ ಹೇಳಿ ಅಟ್ಟದ ಮೇಲಿನ ಒಂದು ಕಟ್ಟು ಇಳಿಸಿಕೊಂಡಳು. ಮೇಲಿನ ಮುಖಪುಟವನ್ನು ಮೇಜಿನ ಮೇಲೆ ಹರಡಿ, ಔಷಧಿ ಅಂಗಡಿಯವರ ಹೊಸ ಅಂಗಿಯ ತೋಳಿನ ಅಳತೆಯನ್ನು ಸೀಮೆಸುಣ್ಣದಲ್ಲಿ ಗೀಚಿದಳು. ಗೆರೆ ಎಡಮೂಲೆಯ ಚೌಕದ ನಡುವೆಯೇ ಹಾಯಿತು. ಬಲಗೈಯಲ್ಲಿ ಕತ್ತರಿ ಎತ್ತಿಕೊಂಡಳು. ಹೆಂಡತಿ ಹಿಂದಿನ ಅಭ್ಯಾಸದಿಂದ ಕಾಲು ಹಿಂದಕ್ಕೆಳೆದಳು.

ಕತ್ತರಿ ಬೀಳಲಿಲ್ಲ. ಗೆರೆಯ ಮೇಲೇ ಸರಸರನೆ ನಡೆದು, ನಾಲ್ಕೂ ಮುಕ್ಕಾಲನ್ನು ದಾಟಿ, ಬೆಚ್ಚಗಿನ ನೀರನ್ನು ದಾಟಿ, ಒಂದೇ ಉಸಿರಿಗೆ ಆಚೆ ಬಂತು.

ಹೊಸಿಲ ಮೇಲೆ ನಿಂತು ಗಡಿಯಾರ ನೋಡಿದ. ಒಳ್ಳೆಯ ಕತ್ತರಿಕೆ. ಬೆರಳನ್ನು ಬಾಯಿಗಿಟ್ಟುಕೊಂಡು ಬೀದಿಗಿಳಿದ.